ಹತ್ತು ದಿನದ ಗಡುವು: ಬ್ರಿಟನ್‌ಗೆ ಎದುರು ನಿಂತ ಮಿಸ್ರ್‌ನ ಮುಹಮ್ಮದ್ ಅಲಿ ಪಾಶಾ

1840ರ ಆಗಸ್ಟ್ ತಿಂಗಳು. ಮಿಸ್ರ್ ದೇಶದ, ಅಂದರೆ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಪಟ್ಟಣ. ಎಪ್ಪತ್ತು ದಾಟಿದ, ಬಿಳಿ ಗಡ್ಡದ ಒಬ್ಬ ಮುದುಕನ ಮುಂದೆ ಒಂದು ಕಾಗದ ಬಂತು. ಬ್ರಿಟನ್, ರಷ್ಯಾ, ಆಸ್ಟ್ರಿಯಾ, ಪ್ರಷ್ಯಾ ಎಂಬ ನಾಲ್ಕು ದೊಡ್ಡ ಶಕ್ತಿಗಳು ಲಂಡನ್‌ನಲ್ಲಿ ಕೂತು ಬರೆದ ಒಪ್ಪಂದ ಅದು. ಹತ್ತು ದಿನದೊಳಗೆ ಒಪ್ಪಿದರೆ ಈಜಿಪ್ಟ್ ನಿನಗೂ ನಿನ್ನ ಮಕ್ಕಳಿಗೂ ಇರುತ್ತದೆ, ಜೊತೆಗೆ ನೀನು ಬದುಕಿರುವವರೆಗೆ ಸಿರಿಯಾದ ದಕ್ಷಿಣ ಭಾಗ. ಹತ್ತು ದಿನ ಕಳೆದರೆ ಸಿರಿಯಾ ಇಲ್ಲ. ಇನ್ನೂ ಹತ್ತು ದಿನ ಕಳೆದರೆ ಈಜಿಪ್ಟಿಗೂ ಖಾತರಿ ಇಲ್ಲ. ಅದರ ತಾತ್ಪರ್ಯ ಇಷ್ಟೆ.

ಕಾಗದ ಪಡೆದವನ ಹೆಸರು ಮುಹಮ್ಮದ್ ಅಲಿ ಪಾಶಾ. ಆಗ ಆತನ ಕೈಯಲ್ಲಿ ಈಜಿಪ್ಟ್ ಮಾತ್ರ ಅಲ್ಲ, ಸುಡಾನ್, ಹಿಜಾಝ್, ಕ್ರೀಟ್ ದ್ವೀಪ, ಫೆಲೆಸ್ತೀನ್ ಸೇರಿದಂತೆ ಇಡೀ ಸಿರಿಯಾ ಇತ್ತು. ಲಕ್ಷ ಮೀರಿದ ಸೈನ್ಯವಿತ್ತು. ತನ್ನದೇ ಹಡಗುಕಟ್ಟೆಯಲ್ಲಿ ಕಟ್ಟಿಸಿದ, ನೂರು ಫಿರಂಗಿ ಹೊರುವ ಯುದ್ಧನೌಕೆಗಳಿದ್ದವು. ಇಷ್ಟಿದ್ದರೂ ಕಾಗದಕ್ಕೆ ಹಿಂದಿನ ವರ್ಷ ಆತ ಗೆದ್ದ ಯುದ್ಧಕ್ಕಿಂತ ಹೆಚ್ಚು ಶಕ್ತಿ ಇತ್ತು. ಅದು ಹೇಗೆ ಅಂತ ತಿಳಿಯಬೇಕಾದರೆ ಆತನ ಬದುಕನ್ನು ಮೊದಲಿನಿಂದ ನೋಡಬೇಕು.

ಹುಟ್ಟಿದ್ದು ಈಗಿನ ಗ್ರೀಸ್ ದೇಶದ ಕವಾಲಾ ಎಂಬ ಸಣ್ಣ ಬಂದರಿನಲ್ಲಿ. ಆಗ ಅದು ಉಸ್ಮಾನಿಯಾ ಸಾಮ್ರಾಜ್ಯದ ಒಳಗಿತ್ತು. ಮನೆತನ ಅಲ್ಬೇನಿಯಾ ಮೂಲದ್ದು. ಹುಟ್ಟಿದ ವರ್ಷ 1769 ಅಂತ ಹೇಳಿಕೊಳ್ಳುತ್ತಿದ್ದ. ಅದು ನೆಪೋಲಿಯನ್ ಹುಟ್ಟಿದ ವರ್ಷ, ಆ ಕಾಕತಾಳೀಯ ಅವನಿಗೆ ಬಹಳ ಇಷ್ಟ. ಶಾಲೆಗೆ ಹೋದವನಲ್ಲ. ತಂಬಾಕು ವ್ಯಾಪಾರ ಮಾಡುತ್ತಿದ್ದ. ಓದು ಕಲಿತದ್ದು ನಲವತ್ತು ದಾಟಿದ ಮೇಲೆ, ಒಂದು ದೇಶವನ್ನು ಆಳಲು ಶುರು ಮಾಡಿ ವರ್ಷಗಳಾದ ನಂತರ.

ಆತನನ್ನು ಈಜಿಪ್ಟಿಗೆ ತಂದದ್ದು ಪರೋಕ್ಷವಾಗಿ ನೆಪೋಲಿಯನ್ನೇ. 1798ರಲ್ಲಿ ಫ್ರೆಂಚ್ ಸೈನ್ಯ ಈಜಿಪ್ಟನ್ನು ಹಿಡಿಯಿತು. ನಮ್ಮ ಕಡೆಯ ಚರಿತ್ರೆಯ ಎಳೆಯೊಂದು ಇಲ್ಲಿ ಬಂದು ಸೇರುತ್ತದೆ. ಬ್ರಿಟಿಷರ ಹಿಂದೂಸ್ತಾನದ ದಾರಿಗೆ ಅಡ್ಡ ನಿಲ್ಲುವುದೇ ನೆಪೋಲಿಯನ್‌ನ ಉದ್ದೇಶವಾಗಿತ್ತು. ಕೈರೋದಿಂದ ಆತ ಟಿಪ್ಪು ಸುಲ್ತಾನರಿಗೆ ಪತ್ರ ಬರೆದ. ಪತ್ರ ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಹುತಾತ್ಮರಾದರು. ಅದೇ ವರ್ಷ ಮಂಗಳೂರೂ ಕೆನರಾ ಕರಾವಳಿಯೂ ಈಸ್ಟ್ ಇಂಡಿಯಾ ಕಂಪೆನಿಯ ಪಾಲಾಯಿತು. ಹಿಂದೂಸ್ತಾನ ಹೀಗೆ ತುಂಡು ತುಂಡಾಗಿ ಕೈಗೆ ಬಂದಂತೆಲ್ಲ, ಅಲ್ಲಿಗೆ ಹೋಗುವ ದಾರಿಯನ್ನು ಕಾಯುವುದು ಲಂಡನ್‌ನ ಮೊದಲ ಚಿಂತೆಯಾಯಿತು. ಆ ದಾರಿ ಈಜಿಪ್ಟಿನ ಮೇಲೆ ಹಾದು ಹೋಗುತ್ತದೆ. ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

1801ರಲ್ಲಿ ಫ್ರೆಂಚರನ್ನು ಓಡಿಸಲು ಉಸ್ಮಾನಿಯಾ ಸುಲ್ತಾನ್ ಕಳಿಸಿದ ಪಡೆಯಲ್ಲಿ ಕವಾಲಾದ ಕೆಲವು ನೂರು ಮಂದಿಯ ತುಕಡಿಯೂ ಇತ್ತು. ಅದರ ಎರಡನೇ ನಾಯಕನಾಗಿ ಮುಹಮ್ಮದ್ ಅಲಿ ಹಡಗಿನಿಂದ ಇಳಿದ. ಫ್ರೆಂಚರು ಹೋದರು, 1803ರಲ್ಲಿ ಬ್ರಿಟಿಷರೂ ಹೋದರು. ಉಳಿದದ್ದು ಸುಲ್ತಾನ್ ಕಳಿಸಿದ ಗವರ್ನರ್, ಹಳೆಯ ಮಮ್ಲೂಕ್ ಸರದಾರರು, ಸಂಬಳ ಸಿಗದೆ ಕೆರಳಿದ ಅಲ್ಬೇನಿಯಾ ಸೈನಿಕರು. ಮೂವರೂ ಸೇರಿ ಜನರನ್ನು ಹಿಂಡಿದರು. ಮುಹಮ್ಮದ್ ಅಲಿ ಇವರಲ್ಲಿ ಒಬ್ಬರನ್ನು ಮತ್ತೊಬ್ಬರ ಮೇಲೆ ಎತ್ತಿಕಟ್ಟುತ್ತ, ತಾನು ಮಾತ್ರ ಊರಿನ ಉಲಮಾಗಳ, ವ್ಯಾಪಾರಿಗಳ ಕಡೆ ನಿಂತವನಂತೆ ಕಾಣಿಸಿಕೊಂಡ. 1805ರಲ್ಲಿ ಕೈರೋದ ಜನ ದಂಗೆ ಎದ್ದರು. ಉಮರ್ ಮಕ್ರಮ್ ಎಂಬ ಗೌರವಾನ್ವಿತ ನಾಯಕರ ಮುಂದಾಳತ್ವದಲ್ಲಿ ಉಲಮಾಗಳು ಹಳೆಯ ಗವರ್ನರನನ್ನು ಇಳಿಸಿ ಈತನನ್ನು ಕೂರಿಸಿದರು. ಸುಲ್ತಾನ್ ಒಲ್ಲದ ಮನಸ್ಸಿನಿಂದ ಒಪ್ಪಿದ.

ಎರಡು ವರ್ಷದಲ್ಲಿ ಬ್ರಿಟನ್ ಜೊತೆ ಮೊದಲ ಮುಖಾಮುಖಿ. 1807ರಲ್ಲಿ ಬ್ರಿಟಿಷ್ ಪಡೆ ಅಲೆಕ್ಸಾಂಡ್ರಿಯಾಕ್ಕೆ ಬಂದಿಳಿಯಿತು. ರಶೀದ್ ಪಟ್ಟಣದ ಇಕ್ಕಟ್ಟಾದ ಓಣಿಗಳಲ್ಲಿ ಅದು ಬಲವಾದ ಪೆಟ್ಟು ತಿಂದಿತು, ಅದೇ ವರ್ಷ ಮರಳಿ ಹಡಗು ಹತ್ತಿತು. ಪಾಶಾನ ಹೆಸರು ದೊಡ್ಡದಾಯಿತು.

ತನ್ನನ್ನು ಮೇಲೆತ್ತಿದವರನ್ನು ಆತ ಹೇಗೆ ನಡೆಸಿಕೊಂಡ ಎಂಬುದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. 1809ರಲ್ಲಿ ಉಮರ್ ಮಕ್ರಮ್ ಅವರು ಹೊಸ ತೆರಿಗೆಯನ್ನು ವಿರೋಧಿಸಿದರು. ಅವರನ್ನು ಕೈರೋದಿಂದಲೇ ಗಡೀಪಾರು ಮಾಡಿದ. 1811ರ ಮಾರ್ಚ್ 1ರಂದು, ಮಗ ತೂಸೂನ್ ಹಿಜಾಝ್ ದಂಡಯಾತ್ರೆಗೆ ಹೊರಡುವ ಸಮಾರಂಭಕ್ಕೆಂದು ಮಮ್ಲೂಕ್ ಸರದಾರರನ್ನು ಕೈರೋದ ಕೋಟೆಗೆ ಕರೆದ. ಕಾಫಿ ಕುಡಿದು, ಉಪಚಾರ ಮುಗಿಸಿ, ಮೆರವಣಿಗೆಯಲ್ಲಿ ಅವರು ಕೋಟೆಯ ಇಳಿಜಾರಿನ ಕಿರಿದಾದ ದಾರಿಗೆ ಬಂದಾಗ ಬಾಗಿಲು ಮುಚ್ಚಿಕೊಂಡಿತು. ಗೋಡೆಗಳ ಮೇಲಿಂದ ಗುಂಡು ಸುರಿಯಿತು. ಸುಮಾರು ಐನೂರು ಮಂದಿ ಅಲ್ಲೇ ಸತ್ತರು. ಒಬ್ಬ ಮಾತ್ರ ಕುದುರೆ ಸಮೇತ ಗೋಡೆ ಹಾರಿ ಉಳಿದ ಅಂತ ಒಂದು ಕಥೆ ಉಂಟು, ನಂಬುವುದು ಬಿಡುವುದು ಕೇಳುಗರಿಗೆ ಬಿಟ್ಟದ್ದು. ಮನೆಗೆ ಕರೆದ ಅತಿಥಿಗಳನ್ನು ಕೊಂದವನು ಎಂಬ ಕಳಂಕ ಅವನಿಂದ ಎಂದೂ ಅಳಿಯಲಿಲ್ಲ.

ಹಿಜಾಝ್ ಯುದ್ಧದಲ್ಲಿ ಮದೀನಾ, ಮಕ್ಕಾ ನಗರಗಳು ಸುಲ್ತಾನನ ಆಡಳಿತಕ್ಕೆ ಮರಳಿದವು. 1818ರಲ್ಲಿ ಹಿರಿಯ ಮಗ ಇಬ್ರಾಹೀಂ ಪಾಶಾ ನಜ್ದ್‌ನ ದಿರ್‌ಇಯ್ಯಾವನ್ನು ಕೆಡವಿ ಮೊದಲ ಸೌದಿ ರಾಜ್ಯವನ್ನೇ ಮುಗಿಸಿದ. 1820ರಲ್ಲಿ ಸುಡಾನ್ ಮೇಲೆ ದಂಡೆತ್ತಿದ್ದು ಚಿನ್ನಕ್ಕಾಗಿ, ಗುಲಾಮರಿಗಾಗಿ. ಗುಲಾಮರಿಂದ ಸೈನ್ಯ ಕಟ್ಟುವ ಲೆಕ್ಕಾಚಾರ ಅದು. ಹಿಡಿದು ತಂದವರಲ್ಲಿ ಬಹುಪಾಲು ಮಂದಿ ದಾರಿಯಲ್ಲೂ ಶಿಬಿರದಲ್ಲೂ ಸತ್ತುಹೋದರು. ಆಗ ಪಾಶಾನ ಕಣ್ಣು ತನ್ನದೇ ರೈತರ ಮೇಲೆ ಬಿತ್ತು.

ಮುಹಮ್ಮದ್ ಅಲಿ ಕಟ್ಟಿದ ಯಂತ್ರದ ನಡು ಇರುವುದು ಇಲ್ಲಿ. ಯುರೋಪ್ ಯಾಕೆ ಗೆಲ್ಲುತ್ತಿದೆ ಎಂಬ ಪ್ರಶ್ನೆಗೆ ಅವನು ಕಂಡುಕೊಂಡ ಉತ್ತರ ಸರಳ. ಶಿಸ್ತಿನ ಸೈನ್ಯ ಬೇಕು. ಸೈನ್ಯಕ್ಕೆ ಬಂದೂಕು, ಬಟ್ಟೆ, ವೈದ್ಯರು, ನಕ್ಷೆ, ಪುಸ್ತಕ ಬೇಕು. ಇದಕ್ಕೆಲ್ಲ ಹಣ ಬೇಕು. ಹಣ ಸಿಕ್ಕಿದ್ದು ಹತ್ತಿಯಿಂದ.

ಜುಮೆಲ್ ಎಂಬ ಫ್ರೆಂಚ್ ತಜ್ಞನ ಸಹಾಯದಿಂದ 1821ರ ಹೊತ್ತಿಗೆ ಈಜಿಪ್ಟಿನಲ್ಲಿ ಉದ್ದ ನೂಲೆಳೆಯ ಹತ್ತಿ ಬೆಳೆಯಲು ಶುರುವಾಯಿತು. ಇಂಗ್ಲೆಂಡಿನ ಗಿರಣಿಗಳಿಗೆ ಅದು ಬಲು ಇಷ್ಟವಾದ ಮಾಲು. ರೈತ ಹತ್ತಿಯನ್ನು ಸರ್ಕಾರದ ಉಗ್ರಾಣಕ್ಕೇ ತಂದು ಹಾಕಬೇಕು, ದರ ಪಾಶಾ ಇಟ್ಟದ್ದು. ಅದೇ ಹತ್ತಿಯನ್ನು ಪಾಶಾ ಅಲೆಕ್ಸಾಂಡ್ರಿಯಾದಲ್ಲಿ ಯುರೋಪಿನ ವ್ಯಾಪಾರಿಗಳಿಗೆ ಹೆಚ್ಚಿನ ಬೆಲೆಗೆ ಮಾರುತ್ತಿದ್ದ. ನಡುವಿನ ವ್ಯತ್ಯಾಸ ಖಜಾನೆಗೆ. ಇಡೀ ದೇಶಕ್ಕೆ ಒಬ್ಬನೇ ಸಗಟು ವ್ಯಾಪಾರಿ ಅಂದರೆ ತಪ್ಪಿಲ್ಲ. ತಂಬಾಕು ಮಾರಿ ಬೆಳೆದವನಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆತನ ಆಳ್ವಿಕೆಯಲ್ಲಿ ಏನೆಲ್ಲ ಎದ್ದು ನಿಂತಿತು ನೋಡಿ. ನೈಲ್ ನದಿಯಿಂದ ಅಲೆಕ್ಸಾಂಡ್ರಿಯಾಕ್ಕೆ ಮಹ್ಮೂದಿಯಾ ಕಾಲುವೆ. ಬೂಲಾಕ್‌ನಲ್ಲಿ ಮುದ್ರಣಾಲಯ. ಫುವ್ವಾ ಎಂಬಲ್ಲಿ ಸೈನಿಕರ ಕೆಂಪು ಟೊಪ್ಪಿ ಮಾಡುವ ಕಾರ್ಖಾನೆ. ಸುಮಾರು ಮೂವತ್ತು ಹತ್ತಿ ಗಿರಣಿಗಳು. 1827ರಲ್ಲಿ ಫ್ರೆಂಚ್ ವೈದ್ಯ ಕ್ಲೋ ನಡೆಸಿದ ವೈದ್ಯಕೀಯ ಶಾಲೆ, ಕೆಲವು ವರ್ಷಗಳಲ್ಲಿ ಹೆಣ್ಣುಮಕ್ಕಳಿಗಾಗಿ ಸೂಲಗಿತ್ತಿಯರ ಶಾಲೆ. 1826ರಲ್ಲಿ ನಲವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಪ್ಯಾರಿಸ್‌ಗೆ ಕಳಿಸಿದ. ಅವರ ನಮಾಝಿಗೆ ಇಮಾಮ್ ಆಗಿ ಹೋದವರು ಅಲ್ ಅಝ್‌ಹರ್‌ನ ಯುವ ವಿದ್ವಾಂಸ ರಿಫಾಆ ತಹ್ತಾವಿ. ಇಮಾಮ್ ಆಗಿ ಹೋದವರು ಫ್ರೆಂಚ್ ಕಲಿತು, ಮರಳಿ ಬಂದು ಭಾಷಾಂತರ ಶಾಲೆ ಕಟ್ಟಿ, ಅರಬ್ ಜಗತ್ತಿನ ಹೊಸ ಓದಿಗೆ ಬಾಗಿಲು ತೆರೆದರು. ಪಾಶಾ ಬಿಟ್ಟುಹೋದದ್ದರಲ್ಲಿ ಬಹಳ ಕಾಲ ಬಾಳಿದ್ದು ಫಿರಂಗಿಯಲ್ಲ, ಇಂಥ ಶಾಲೆಗಳು.

ಸೈನ್ಯಕ್ಕೆ ತರಬೇತಿ ಕೊಟ್ಟವನು ನೆಪೋಲಿಯನ್‌ನ ಸೇನೆಯಲ್ಲಿದ್ದ ಸೇವ್ ಎಂಬ ಫ್ರೆಂಚ್ ಅಧಿಕಾರಿ. ಮುಂದೆ ಇಸ್ಲಾಂ ಸ್ವೀಕರಿಸಿ ಸುಲೈಮಾನ್ ಪಾಶಾ ಎನಿಸಿಕೊಂಡ.

ಇನ್ನು ಬೆಲೆ ತೆತ್ತವರ ವಿಷಯ. ಕಾಲುವೆ ತೋಡಲು ಹಳ್ಳಿಗಳಿಂದ ಬಲವಂತವಾಗಿ ತಂದ ಬಿಟ್ಟಿ ಆಳುಗಳಲ್ಲಿ ಸಾವಿರಾರು ಮಂದಿ ಹಸಿವು, ರೋಗ, ದಣಿವಿನಿಂದ ಸತ್ತರು. 1822ರ ನಂತರ ರೈತರ ಮಕ್ಕಳನ್ನು ಹಗ್ಗ ಕಟ್ಟಿ ಸೈನ್ಯಕ್ಕೆ ಎಳೆದೊಯ್ಯುವುದು ಶುರುವಾಯಿತು. ಹೋದವನು ಯಾವಾಗ ಬರುತ್ತಾನೆ, ಬರುತ್ತಾನೋ ಇಲ್ಲವೋ, ಮನೆಯವರಿಗೆ ಗೊತ್ತಿಲ್ಲ. ತಪ್ಪಿಸಿಕೊಳ್ಳಲು ಜನ ಬಂದೂಕಿನ ಕುದುರೆ ಎಳೆಯುವ ಬೆರಳನ್ನೇ ಕತ್ತರಿಸಿಕೊಂಡರು, ಮುಂದಿನ ಹಲ್ಲು ಕೀಳಿಸಿಕೊಂಡರು, ಒಂದು ಕಣ್ಣಿಗೆ ವಿಷ ಹಾಕಿಕೊಂಡರು. ಊರಿಗೆ ಊರೇ ಖಾಲಿ ಮಾಡಿ ಓಡಿದ್ದೂ ಉಂಟು. ಅರಬಿ ಮಾತಾಡುವ ಈ ರೈತರಿಗೆ ಟರ್ಕಿಶ್ ಮಾತಾಡುವ ಪಾಶಾ ತಮ್ಮವನು ಅಂತ ಎಂದೂ ಅನಿಸಿರಲಿಕ್ಕಿಲ್ಲ.

ಆದರೂ ಸೈನ್ಯ ಎದ್ದು ನಿಂತಿತು. ಗ್ರೀಕರ ದಂಗೆ ಅಡಗಿಸಲು ಸುಲ್ತಾನ್ ಈ ಸೈನ್ಯವನ್ನೇ ಕೇಳಿದ. 1827ರ ಅಕ್ಟೋಬರ್ 20ರಂದು ನವಾರಿನೋ ಕೊಲ್ಲಿಯಲ್ಲಿ ಬ್ರಿಟನ್, ಫ್ರಾನ್ಸ್, ರಷ್ಯಾಗಳ ಹಡಗುಗಳು ಉಸ್ಮಾನಿಯಾ ಮತ್ತು ಈಜಿಪ್ಟ್ ನೌಕಾಪಡೆಯನ್ನು ಕೆಲವೇ ಗಂಟೆಗಳಲ್ಲಿ ಸುಟ್ಟು ಮುಳುಗಿಸಿದವು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಪಾಶಾ ಅಲೆಕ್ಸಾಂಡ್ರಿಯಾದಲ್ಲಿ ಹೊಸ ಹಡಗುಕಟ್ಟೆ ಕಟ್ಟಿಸಿದ, ಕೆಲವೇ ವರ್ಷಗಳಲ್ಲಿ ಮತ್ತೆ ನೌಕಾಪಡೆ ನೀರಿಗಿಳಿಯಿತು.

ಕಳಕೊಂಡದ್ದಕ್ಕೆ ಬದಲಾಗಿ ಸಿರಿಯಾ ಸಿಗಬೇಕು ಎಂಬುದು ಅವನ ವಾದ. ಸುಲ್ತಾನ್ ಎರಡನೇ ಮಹ್ಮೂದ್ ಕೊಡಲಿಲ್ಲ. 1831ರ ಕೊನೆಯಲ್ಲಿ ಇಬ್ರಾಹೀಂ ಪಾಶಾ ಸಿರಿಯಾದೊಳಗೆ ನುಗ್ಗಿದ. ಆರು ತಿಂಗಳ ಮುತ್ತಿಗೆಯ ನಂತರ ಅಕ್ಕಾ ಕೋಟೆ ಬಿತ್ತು. ಅದೇ ಅಕ್ಕಾ, ನೆಪೋಲಿಯನ್ ಗೆಲ್ಲಲಾಗದೆ ಹಿಂದಿರುಗಿದ ಊರು. ದಮಾಸ್ಕಸ್, ಹಿಮ್ಸ್, ಹಲಬ್ ಒಂದರ ಹಿಂದೆ ಒಂದು. 1832ರ ಡಿಸೆಂಬರ್‌ನಲ್ಲಿ ಕೊನ್ಯಾದ ಮಂಜಿನ ನಡುವೆ ಉಸ್ಮಾನಿಯಾ ಸೈನ್ಯ ಸೋತಿತು, ಮಹಾವಝೀರನೇ ಸೆರೆ ಸಿಕ್ಕಿದ. ಇಸ್ತಾಂಬುಲ್‌ಗೆ ದಾರಿ ತೆರೆದಿತ್ತು.

ಸುಲ್ತಾನ್ ಬ್ರಿಟನ್ ಬಳಿ ಸಹಾಯ ಕೇಳಿದ. ಬ್ರಿಟನ್ ಕೊಡಲಿಲ್ಲ. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ, ಸುಲ್ತಾನ್ ತನ್ನ ಹಳೆಯ ವೈರಿ ರಷ್ಯಾವನ್ನೇ ಹಿಡಿದುಕೊಂಡ. ರಷ್ಯಾದ ಹಡಗುಗಳು ಬಾಸ್ಫರಸ್‌ಗೆ ಬಂದು ಲಂಗರು ಹಾಕಿದವು. ಬ್ರಿಟನ್‌ನ ವಿದೇಶ ಮಂತ್ರಿ ಪಾಮರ್‌ಸ್ಟನ್‌ಗೆ ಆಗ ಎಚ್ಚರವಾಯಿತು. ಪಾಶಾ ಸುಲ್ತಾನನನ್ನು ಬೀಳಿಸಿದರೆ ಆ ಜಾಗದಲ್ಲಿ ರಷ್ಯಾ ಕೂರುತ್ತದೆ. ಪಾಶಾ ಗೆದ್ದು ನಿಂತರೆ ಹಿಂದೂಸ್ತಾನದ ಎರಡು ದಾರಿಗಳೂ, ಕೆಂಪು ಸಮುದ್ರದ್ದೂ ಸಿರಿಯಾ ಮೂಲಕ ಯುಫ್ರಟೀಸ್ ನದಿಯದ್ದೂ, ಒಬ್ಬನದೇ ಕೈಸೇರುತ್ತವೆ. 1830ರಲ್ಲಿ ಮೊದಲ ಹಬೆಹಡಗು ಬೊಂಬಾಯಿಯಿಂದ ಸೂಯೆಝ್‌ಗೆ ಹೋಗಿತ್ತು. ಆಫ್ರಿಕಾ ಸುತ್ತಿ ಹೋಗುವ ದಾರಿಗೆ ಹೋಲಿಸಿದರೆ ಟಪಾಲು ತಿಂಗಳುಗಳಷ್ಟು ಬೇಗ ತಲುಪುತ್ತಿತ್ತು. ಆ ದಾರಿ ಇನ್ನೊಬ್ಬನ ಮರ್ಜಿಯಲ್ಲಿರುವುದು ಲಂಡನ್‌ಗೆ ಬೇಡವಾಗಿತ್ತು. ಪಾಶಾನ ಪಡೆಗಳು ಯೆಮನ್‌ನಲ್ಲಿ ಕಾಣಿಸಿಕೊಂಡಾಗ, 1839ರ ಜನವರಿಯಲ್ಲಿ ಬ್ರಿಟಿಷರು ಅದನ್ ಬಂದರನ್ನು ಹಿಡಿದರು, ಅದರ ಆಡಳಿತವನ್ನು ಬೊಂಬಾಯಿಗೆ ಸೇರಿಸಿದರು.

ಬ್ರಿಟನ್‌ನ ಜೊತೆ ಜಗಳ ಪಾಶಾಗೆ ಎಂದೂ ಬೇಕಿರಲಿಲ್ಲ ಎಂಬುದೇ ಸೋಜಿಗ. ಕಡಲು ಯಾರ ಕೈಯಲ್ಲಿದೆ ಅಂತ ನವಾರಿನೋದಲ್ಲಿ ಕಂಡವನು. ಲಂಡನ್‌ನ ಒಲವು ಗಳಿಸಲು ಮತ್ತೆ ಮತ್ತೆ ಪ್ರಯತ್ನಿಸಿದ, ಟಪಾಲು ದಾರಿಯನ್ನು ಸುರಕ್ಷಿತವಾಗಿ ಇಟ್ಟ. ಆದರೆ ಅವನು ಏನು ಮಾಡುತ್ತಾನೆ ಎಂಬುದಲ್ಲ, ಏನು ಮಾಡಬಲ್ಲ ಎಂಬುದೇ ಪಾಮರ್‌ಸ್ಟನ್‌ನ ಚಿಂತೆಯಾಗಿತ್ತು.

ಮೊದಲ ಏಟು ಯುದ್ಧಭೂಮಿಯಲ್ಲಿ ಬೀಳಲಿಲ್ಲ. 1838ರ ಆಗಸ್ಟ್ 16ರಂದು ಇಸ್ತಾಂಬುಲ್ ಬಳಿಯ ಬಾಲ್ಟಾ ಲಿಮಾನ್ ಎಂಬಲ್ಲಿ ಬ್ರಿಟನ್ ಮತ್ತು ಸುಲ್ತಾನ್ ನಡುವೆ ಒಂದು ವ್ಯಾಪಾರ ಒಪ್ಪಂದ ಆಯಿತು. ಉಸ್ಮಾನಿಯಾ ನೆಲದಲ್ಲಿ ಎಲ್ಲೂ ಸರ್ಕಾರದ ಏಕಸ್ವಾಮ್ಯ ವ್ಯಾಪಾರ ಇರಕೂಡದು. ಬ್ರಿಟಿಷ್ ವ್ಯಾಪಾರಿ ಯಾವ ಹಳ್ಳಿಗೂ ಹೋಗಿ ನೇರ ಕೊಳ್ಳಬಹುದು. ಅವನು ತರುವ ಮಾಲಿಗೆ ಸುಂಕ ಒಟ್ಟು ಶೇ. 5. ಇದೇ ನೆಲದ ಮಾಲು ಹೊರಗೆ ಹೋಗಬೇಕಾದರೆ ಶೇ. 12. ಹೊರಗಿನದಕ್ಕೆ ಕಡಿಮೆ, ಒಳಗಿನದಕ್ಕೆ ಹೆಚ್ಚು! ಕಾಗದದ ಮೇಲೆ ಮುಹಮ್ಮದ್ ಅಲಿ ಇನ್ನೂ ಸುಲ್ತಾನನ ಗವರ್ನರ್ ಮಾತ್ರ. ಆದ್ದರಿಂದ ಒಪ್ಪಂದ ಅವನಿಗೂ ಅನ್ವಯ. ತನ್ನ ಗವರ್ನರನ ಬೆನ್ನು ಮುರಿಯಲು ಸುಲ್ತಾನ್ ತನ್ನದೇ ನೇಕಾರರ, ಕುಶಲಕರ್ಮಿಗಳ ರಕ್ಷಣೆಯನ್ನೂ ಮಾರಿಬಿಟ್ಟ. ಅದರ ಫಲವನ್ನು ಇಸ್ತಾಂಬುಲ್ ಮುಂದೆ ಬಹಳ ವರ್ಷ ಉಂಡಿತು.

ಪಾಶಾ ಒಪ್ಪಂದವನ್ನು ಜಾರಿ ಮಾಡದೆ ತಳ್ಳುತ್ತ ಬಂದ. ಸುಲ್ತಾನ್ ಸೈನ್ಯ ಕಳಿಸಿದ. 1839ರ ಜೂನ್ 24ರಂದು ನಿಝಿಪ್‌ನಲ್ಲಿ ಇಬ್ರಾಹೀಂ ಆ ಸೈನ್ಯವನ್ನು ಧೂಳೀಪಟ ಮಾಡಿದ. ಸೋಲಿನ ಸುದ್ದಿ ಕಿವಿಗೆ ಬೀಳುವ ಮೊದಲೇ, ಜುಲೈ 1ರಂದು ಸುಲ್ತಾನ್ ಮಹ್ಮೂದ್ ತೀರಿಕೊಂಡ. ಹದಿನಾರರ ಹುಡುಗ ಅಬ್ದುಲ್ ಮಜೀದ್ ಗದ್ದುಗೆ ಏರಿದ. ಉಸ್ಮಾನಿಯಾ ನೌಕಾಪಡೆಯ ಮುಖ್ಯಸ್ಥ ಇಡೀ ಹಡಗುಪಡೆಯನ್ನು ಅಲೆಕ್ಸಾಂಡ್ರಿಯಾಕ್ಕೆ ತಂದು ಪಾಶಾಗೆ ಒಪ್ಪಿಸಿದ. ಇದಕ್ಕಿಂತ ಎತ್ತರಕ್ಕೆ ಮುಹಮ್ಮದ್ ಅಲಿ ಏರಲಿಲ್ಲ. ಕಾಗದ ಬಂದದ್ದು ಇದಾಗಿ ಒಂದು ವರ್ಷಕ್ಕೆ.

ಅದನ್ನು ಆತ ಒಪ್ಪಲಿಲ್ಲ. ಫ್ರಾನ್ಸ್ ತನ್ನ ಬೆನ್ನಿಗಿದೆ ಎಂಬ ಧೈರ್ಯ. ಫ್ರಾನ್ಸಿನ ಮಂತ್ರಿ ಥಿಯೇರ್ ದೊಡ್ಡ ದೊಡ್ಡ ಮಾತಾಡಿದ್ದೂ ಹೌದು. ಆದರೆ ಈಜಿಪ್ಟಿಗಾಗಿ ಇಡೀ ಯುರೋಪಿನ ಜೊತೆ ಯುದ್ಧ ಮಾಡಲು ಪ್ಯಾರಿಸ್ ತಯಾರಿರಲಿಲ್ಲ, ಅಕ್ಟೋಬರ್‌ನಲ್ಲಿ ಥಿಯೇರ್ ಕುರ್ಚಿಯನ್ನೇ ಕಳಕೊಂಡ. ಹತ್ತು ದಿನ ಹೋಯಿತು, ಇಪ್ಪತ್ತು ದಿನ ಹೋಯಿತು. ಅದೇ ಬೇಸಿಗೆಯಲ್ಲಿ ಪಾಮರ್‌ಸ್ಟನ್ ಕಳಿಸಿದ ಇನ್ನೊಂದು ನೌಕಾಪಡೆ ಅಫೀಮು ವ್ಯಾಪಾರದ ಹೆಸರಿನಲ್ಲಿ ಚೀನಾದ ಬಾಗಿಲು ಒಡೆಯುತ್ತಿತ್ತು.

ಸೆಪ್ಟೆಂಬರ್‌ನಲ್ಲಿ ಬೈರೂತ್ ಮೇಲೆ ಗುಂಡು ಬಿತ್ತು. ಆದರೆ ಸಿರಿಯಾವನ್ನು ಪಾಶಾ ಕಳಕೊಂಡದ್ದು ಬ್ರಿಟಿಷ್ ಫಿರಂಗಿಯಿಂದ ಮಾತ್ರ ಅಂದರೆ ಅರ್ಧ ಸತ್ಯ. ಒಂಬತ್ತು ವರ್ಷದ ಹಿಂದೆ ಇಬ್ರಾಹೀಂನನ್ನು ಸಿರಿಯಾದಲ್ಲಿ ಸ್ವಾಗತಿಸಿದವರು ಕಡಿಮೆ ಇರಲಿಲ್ಲ. ಆಮೇಲೆ ಬಂದದ್ದು ಅದೇ ತೆರಿಗೆ, ಅದೇ ಬಲವಂತದ ಸೈನ್ಯಭರ್ತಿ. 1834ರಲ್ಲಿ ನಾಬ್ಲುಸ್, ಖಲೀಲ್, ಜೆರುಸಲೇಮ್‌ನ ಜನ ತಮ್ಮ ಮಕ್ಕಳನ್ನು ಕೊಡುವುದಿಲ್ಲ ಅಂತ ದಂಗೆ ಎದ್ದರು, ಇಬ್ರಾಹೀಂ ಅದನ್ನು ರಕ್ತದಲ್ಲಿ ಅಡಗಿಸಿದ. 1840ರಲ್ಲಿ ಲೆಬನಾನ್ ಬೆಟ್ಟದ ಜನ, ಮುಸ್ಲಿಮರು, ಕ್ರೈಸ್ತರು, ದ್ರೂಝ್‌ಗಳು, ಮೊದಲೇ ಕುದಿಯುತ್ತಿದ್ದರು. ಬ್ರಿಟಿಷರು ಕಡಲ ದಂಡೆಯಲ್ಲಿ ಬಂದೂಕು ಹಂಚಿದರು, ತೆಗೆದುಕೊಳ್ಳಲು ಕೈಗಳು ತಯಾರಿದ್ದವು.

ನವೆಂಬರ್ 3ರಂದು ಅಕ್ಕಾ. ಇಬ್ರಾಹೀಂಗೆ ಆರು ತಿಂಗಳು ಹಿಡಿದ ಕೋಟೆ ಹಬೆಹಡಗುಗಳೂ ಇದ್ದ ಬ್ರಿಟಿಷ್ ಪಡೆಯ ಮುಂದೆ ಒಂದು ಮಧ್ಯಾಹ್ನ ನಿಂತಿತು. ಮದ್ದಿನ ಉಗ್ರಾಣಕ್ಕೆ ಬೆಂಕಿ ತಗುಲಿ ಸಾವಿರಕ್ಕೂ ಹೆಚ್ಚು ಸೈನಿಕರು ಒಂದೇ ಕ್ಷಣದಲ್ಲಿ ಸತ್ತರು. ಹಗ್ಗ ಕಟ್ಟಿ ತಂದ ಆ ರೈತರ ಮಕ್ಕಳೇ ಅವರು. ಅದೇ ತಿಂಗಳು ಬ್ರಿಟಿಷ್ ನೌಕಾಧಿಕಾರಿ ನೇಪಿಯರ್ ಹಡಗುಗಳ ಸಮೇತ ಅಲೆಕ್ಸಾಂಡ್ರಿಯಾದ ಮುಂದೆ ಬಂದು ನಿಂತ. ಪಾಶಾ ಬಗ್ಗಿದ. ಇಷ್ಟೆಲ್ಲ ನಡೆಯುವಾಗಲೂ ಬ್ರಿಟಿಷರ ಹಿಂದೂಸ್ತಾನದ ಟಪಾಲು ಈಜಿಪ್ಟಿನ ಮೂಲಕವೇ ಹೋಗುತ್ತಿತ್ತು, ಆತ ಅದನ್ನು ತಡೆಯಲಿಲ್ಲ.

1841ರ ಫರ್ಮಾನುಗಳು ಲೆಕ್ಕ ಮುಗಿಸಿದವು. ಈಜಿಪ್ಟ್ ವಂಶಪಾರಂಪರ್ಯವಾಗಿ ಅವನದು, ಸುಡಾನ್ ಆಡಳಿತವೂ ಉಳಿಯಿತು. ಸಿರಿಯಾ, ಹಿಜಾಝ್, ಕ್ರೀಟ್ ಹೋಯಿತು. ಸೈನ್ಯ 18,000ಕ್ಕೆ ಮೀರಕೂಡದು. ಅನುಮತಿ ಇಲ್ಲದೆ ಯುದ್ಧನೌಕೆ ಕಟ್ಟಕೂಡದು. ಸುಂಕದ ಒಪ್ಪಂದ ಇಲ್ಲೂ ನಡೆಯಬೇಕು.

ಲಕ್ಷ ಸೈನಿಕರಿಗೆ ಬಟ್ಟೆ ನೇಯುತ್ತಿದ್ದ ಗಿರಣಿಗೆ 18,000 ಮಂದಿ ಗಿರಾಕಿ ಎಲ್ಲಿ ಸಾಕು? ಮ್ಯಾಂಚೆಸ್ಟರಿನ ಬಟ್ಟೆ ಅಗ್ಗವಾಗಿ ಬಂತು. ಕಾರ್ಖಾನೆಗಳು ಒಂದೊಂದಾಗಿ ತುಕ್ಕು ಹಿಡಿದವು. ಇದಕ್ಕೆ ಬ್ರಿಟನ್ ಕಾರಣವೋ ಪಾಶಾ ಕಾರಣನೋ ಅಂತ ಇತಿಹಾಸಕಾರರು ಇವತ್ತಿಗೂ ಜಗಳ ಆಡುತ್ತಾರೆ. ಈಜಿಪ್ಟಿನಲ್ಲಿ ಕಲ್ಲಿದ್ದಲು ಇರಲಿಲ್ಲ, ಬಹಳಷ್ಟು ಯಂತ್ರಗಳನ್ನು ಎತ್ತುಗಳೇ ತಿರುಗಿಸುತ್ತಿದ್ದವು. ಧೂಳಿಗೆ ಯಂತ್ರ ಕೆಡುತ್ತಿತ್ತು, ಬಲವಂತಕ್ಕೆ ಬಂದ ಕೆಲಸಗಾರನಿಗೆ ಅದನ್ನು ರಿಪೇರಿ ಮಾಡುವ ಉತ್ಸಾಹ ಎಲ್ಲಿಂದ ಬರಬೇಕು? ಮೊದಲೇ ಕುಂಟುತ್ತಿದ್ದ ಕುದುರೆ ಅದು, ನಿಜ. ಆದರೆ ಕುಂಟುವ ಕುದುರೆಗೆ ಮದ್ದು ಮಾಡಲು ಸಮಯ ಬೇಕು. ಇಂಗ್ಲೆಂಡಿನ ಗಿರಣಿಗಳಿಗೆ ಆ ಸಮಯ ಸಿಕ್ಕಿತ್ತು. ತಮ್ಮ ಗಿರಣಿ ಬೆಳೆಯುವವರೆಗೆ ಹಿಂದೂಸ್ತಾನದ ಬಟ್ಟೆಯನ್ನು ಅವರು ಕಾಯ್ದೆ ಮಾಡಿಯೇ ದೂರ ಇಟ್ಟಿದ್ದರು.

ಎರಡು ಸಮುದ್ರ ಸೇರಿಸುವ ಕಾಲುವೆಯ ಯೋಜನೆಯನ್ನು ಯುರೋಪಿನವರು ತಂದಾಗಲೆಲ್ಲ ಪಾಶಾ ಒಪ್ಪಲಿಲ್ಲ. ಅಂಥ ಕಾಲುವೆ ಆದರೆ ಅದಕ್ಕಾಗಿ ದೊಡ್ಡವರು ಬಂದು ಕೂರುತ್ತಾರೆ ಎಂಬುದು ಅವನ ಅಂದಾಜು. 1854ರಲ್ಲಿ ಮಗ ಸಯೀದ್ ಪಾಶಾ ಅನುಮತಿ ಕೊಟ್ಟ, 1869ರಲ್ಲಿ ಸೂಯೆಝ್ ಕಾಲುವೆ ತೆರೆಯಿತು, 1882ರಲ್ಲಿ ಬ್ರಿಟಿಷ್ ಸೈನ್ಯ ಈಜಿಪ್ಟನ್ನು ಹಿಡಿಯಿತು. ಅದೆಲ್ಲ ಆತ ಸತ್ತ ಮೇಲಿನ ಮಾತು.

ಕೊನೆಯ ವರ್ಷಗಳಲ್ಲಿ ಮುಹಮ್ಮದ್ ಅಲಿಯ ಬುದ್ಧಿ ಮಸುಕಾಯಿತು. 1848ರಲ್ಲಿ ಇಬ್ರಾಹೀಂ ಅಧಿಕಾರ ವಹಿಸಿಕೊಂಡ, ಅದೇ ನವೆಂಬರ್‌ನಲ್ಲಿ ಕಾಯಿಲೆಯಿಂದ ತೀರಿಕೊಂಡ. ಕೊನ್ಯಾ, ನಿಝಿಪ್ ಗೆದ್ದುಕೊಟ್ಟ ಮಗ ಹೋದದ್ದನ್ನು ಗ್ರಹಿಸುವ ಸ್ಥಿತಿಯಲ್ಲಿ ತಂದೆ ಇರಲಿಲ್ಲ. ಮೊಮ್ಮಗ ಅಬ್ಬಾಸ್ ಗದ್ದುಗೆಗೆ ಬಂದ. ಅಜ್ಜನ ಕೆಲಸಗಳ ಬಗ್ಗೆ ಅವನಿಗೆ ಹೆಚ್ಚಿನ ಪ್ರೀತಿ ಇರಲಿಲ್ಲ.

1849ರ ಆಗಸ್ಟ್ 2ರಂದು ಪಾಶಾ ಅಲೆಕ್ಸಾಂಡ್ರಿಯಾದಲ್ಲಿ ನಿಧನನಾದ. ಮಯ್ಯಿತ್ತನ್ನು ಕೈರೋಗೆ ತಂದರು. ಅಂತ್ಯಸಂಸ್ಕಾರ ಬಹಳ ಸಾದಾ ಆಗಿ ನಡೆಯಿತು. ವಿದೇಶಿ ರಾಯಭಾರಿಗಳನ್ನು ಕರೆದಿರಲಿಲ್ಲ. ಸರ್ಕಾರಿ ಕಚೇರಿಗಳಿಗೆ ರಜೆ ಇರಲಿಲ್ಲ, ಅಂಗಡಿಗಳು ಎಂದಿನಂತೆ ತೆರೆದಿದ್ದವು.